ಮಗ್ಗದ ಗುಂಡಿಯ ನೀರು

ಬೇರೆಯವರ ಮನೆಯಲ್ಲಿ ಹಾಲು ಉಕ್ಕುತ್ತದೆ, ಕುಕ್ಕರ್ ಕೂಗುತ್ತದೆ, ಸುಖವಾಗಿರುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಮೈ ಜುಮ್ಮೆನ್ನುವಂಥದ್ದೇ ಏನಾದರೊಂದು ಆಗುತ್ತಿರುತ್ತದೆ, ಅದೂ ಹಾಡಹಗಲಲ್ಲಿ. ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ. ನಮ್ಮ ಮಗ್ಗದ ಕೋಣೆಯಲ್ಲಿ ಒಬ್ಬರೇ ಅರ್ಧ ಗಂಟೆ ಕೂತು ಆಮೇಲೆ ನಗಿ ಅಂತ ನಾನೂ ಸವಾಲು ಹಾಕಿದ್ದೇನೆ. ಇದುವರೆಗೆ ಯಾರೂ ಕೂತಿಲ್ಲ.

೧. ಕರಾರು

ನಾನು ಕೊಳ್ಳೇಗಾಲದ ನೇಕಾರ. ನಮ್ಮದು ಗುಂಡಿ ಮಗ್ಗ. ಅಂದರೆ ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾ ರೇಷ್ಮೆ ಸೀರೆ ನೇಯುವುದು. ಹದಿನಾಲ್ಕನೇ ವಯಸ್ಸಿಗೆ ಇಳಿಬಿಟ್ಟ ಕಾಲನ್ನು ಐವತ್ತೆಂಟಕ್ಕೆ ಮೇಲೆತ್ತಿದೆ. ಮಂಡಿ ಎರಡೂ ಹೋಗಿದ್ದವು. "ಇನ್ನೊಂದು ಸಲ ಇಳಿದ್ರೆ ನಿಮ್ಮನ್ನ ಎತ್ತೋಕೆ ನಾಲ್ಕು ಜನ ಬೇಕಾಗ್ತದೆ" ಅಂದರು ಡಾಕ್ಟರು. ನಾಲ್ಕು ಜನ ಎತ್ತುವುದು ಯಾವಾಗ ಅಂತ ನಮಗೆ ಗೊತ್ತಿಲ್ಲವೆ? ಮಗ್ಗ ಬಿಚ್ಚಿಸಿದೆ.

ಗುಂಡಿ ಉಳಿಯಿತು. ಅದು ನಮ್ಮಪ್ಪ ಕೂತ ಗುಂಡಿ. ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಾನು ಆ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂರುತ್ತಿದ್ದೆ. ಕೈಗೆ ಕೆಲಸವಿಲ್ಲದ ಗಂಡಸು ಮನೆಯಲ್ಲಿ ಅಡ್ಡ ಇಟ್ಟ ಮೂಟೆ ಇದ್ದ ಹಾಗೆ, ಎಲ್ಲರೂ ದಾಟಿಕೊಂಡು ಓಡಾಡುತ್ತಾರೆ. ನಿಜ ಹೇಳುತ್ತೇನೆ, ಆ ನಾಲ್ಕು ತಿಂಗಳು ನನಗೆ ಬದುಕು ಬೇಸರವಾಗಿತ್ತು.

ಆಗ ಬಂದವನು ನನ್ನ ಬಾಮೈದ. ಹನೂರಿನಾಚೆ ಲೊಕ್ಕನಹಳ್ಳಿಯವನು. ಹೊಲದಲ್ಲಿ ಬೆಳೆದದ್ದನ್ನೆಲ್ಲ ಕಾಡುಹಂದಿ ತಿನ್ನುತ್ತಿತ್ತು ಅಂತ ಮನೆಯ ತಾರಸಿ ಮೇಲೆ ಮೀನಿನ ತೊಟ್ಟಿ ಕಟ್ಟಿ, ಆ ನೀರಲ್ಲೇ ಸೊಪ್ಪು ಬೆಳೆಯುತ್ತಿದ್ದ. ಹಂದಿ ಇನ್ನೂ ಮೆಟ್ಟಿಲು ಹತ್ತುವುದನ್ನು ಕಲಿತಿರಲಿಲ್ಲ.

"ಭಾವ, ಗುಂಡಿ ಖಾಲಿ ಬಿದ್ದದೆ. ಒಸಿ ಅಗಲ ಮಾಡಿ ಟಾರ್ಪಾಲು ಹಾಸಿ ಮೀನು ಬುಡಿ. ಆ ನೀರ ಮೋಟ್ರಲ್ಲಿ ಎತ್ತಿ ಹಿತ್ತಲ ಜಲ್ಲಿ ತೊಟ್ಟಿಗೆ ಉಯ್ರಿ. ಸೊಪ್ಪು ಬೆಳೀತದೆ, ನೀರು ತಿಳಿಯಾಗಿ ತಿರ್ಗ ಗುಂಡಿಗೇ ಬತ್ತದೆ" ಅಂದ.

ನಾವು ಮೀನು ತಿನ್ನುವವರಲ್ಲ, ಸೊಪ್ಪು ತಿನ್ನುತ್ತೇವೆ. ಎಲ್ಲ ಸರಿ. ಅವ್ವ ಮಾತ್ರ ಒಪ್ಪಲಿಲ್ಲ. ಎರಡು ದಿನ ಗುಂಡಿಯ ಹತ್ತಿರ ಕೂತು ಯೋಚನೆ ಮಾಡಿ ಕೊನೆಗೆ ಕರಾರು ಹಾಕಿದಳು: "ಇದು ನಿಮ್ಮಪ್ಪನ ಜಾಗ ಕಣ್ಲಾ. ಅವರ ಎಡೆ ಇಡೋ ದಿನದವರ್ಗೂ ನೋಡ್ತೀನಿ. ಅಷ್ಟರಲ್ಲಿ ಒಂದೇ ಒಂದು ಮೀನು ಸತ್ತು ತೇಲಿದ್ರೂ ಅವ್ರಿಗೆ ಇಷ್ಟ ಇಲ್ಲ ಅಂತ ಲೆಕ್ಕ. ಅವತ್ತೇ ಮಣ್ಣು ಹಾಕಿಸಿ ಮುಚ್ಚಿಸ್ತೀನಿ."

ಬದುಕಿದ್ದಾಗ ನಾನು ನೇಯ್ದ ಒಂದೇ ಒಂದು ಸೀರೆಯನ್ನೂ ಚೆನ್ನಾಗಿದೆ ಅಂದವನಲ್ಲ ನಮ್ಮಪ್ಪ. ಅಂಥವನ ಒಪ್ಪಿಗೆ ಸತ್ತ ಮೇಲೆ ಪಡೆಯಬೇಕಿತ್ತು.

೨. ಕಾಣದವರ ಊಟ

ನೀರು ತುಂಬಿದ ಕೂಡಲೇ ಮೀನು ಬಿಡುವ ಹಾಗಿಲ್ಲ. ಅದು ಬಾಮೈದ ಹೇಳಿದ ಮೊದಲ ಪಾಠ. ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೇ ವಿಷ. ಅದನ್ನು ತಿಂದು ಗಿಡಕ್ಕೆ ಗೊಬ್ಬರ ಮಾಡುವ ಬ್ಯಾಕ್ಟೀರಿಯಾ ಜಲ್ಲಿಯ ಮೇಲೆ ನೆಲೆ ನಿಲ್ಲಬೇಕು. ಅದಕ್ಕೆ ಐದಾರು ವಾರ ಬೇಕು. ಅಲ್ಲಿಯವರೆಗೆ ಖಾಲಿ ನೀರು ಸುತ್ತುತ್ತಿರಬೇಕು, ಆ ಬ್ಯಾಕ್ಟೀರಿಯಾಕ್ಕೆ ತಿನ್ನೋಕೆ ನಾವೇ ಏನಾದರೂ ಹಾಕಬೇಕು. ಹಿಂದಿನ ಬೀದಿಯಲ್ಲಿ ಹಸು ಇತ್ತು. ಗಂಜಲದಿಂದಲೂ ಅಮೋನಿಯಾ ಹುಟ್ಟುತ್ತದೆ ಅಂತ ದಿನಾ ಒಂದು ಲೋಟ ತಂದು ಹುಯ್ಯುತ್ತಿದ್ದೆ.

ಎದುರು ಮನೆಯಾಕೆ ಸಕ್ಕರೆ ಕೇಳಲು ಬಂದವಳು ಕಿಟಕಿಯಲ್ಲಿ ಇಣುಕಿದಳು. ನಾನು ಗುಂಡಿಯ ಮುಂದೆ ಕಾಲು ಚಾಚಿ ಕೂತಿದ್ದೆ.

"ಏನಣ್ಣ ಮಾಡ್ತಿದ್ದೀರ?"

"ಊಟ ಹಾಕ್ತಿದ್ದೀನಮ್ಮ."

ಅವಳು ಗುಂಡಿ ನೋಡಿದಳು. ನೀರು ಬಿಟ್ಟರೆ ಏನೂ ಇಲ್ಲ. "ಯಾರಿಗೆ?"

"ಕಣ್ಣಿಗೆ ಕಾಣಲ್ಲ ಅವ್ರು. ಇನ್ನೂ ಬಂದಿಲ್ಲ. ಬಂದು ಕಲ್ಲ ಮೇಲೆ ಕೂತ್ಕೋಬೇಕು."

ಇದರಲ್ಲಿ ನಾನು ಹೇಳಿದ್ದೇನು ತಪ್ಪು, ನೀವೇ ಹೇಳಿ. ಅವಳು ಸಕ್ಕರೆ ಬಟ್ಟಲನ್ನು ಅಲ್ಲೇ ಬಿಟ್ಟು ಹೋದಳು.

ನೀರು ಪರೀಕ್ಷಿಸಲು ಕೊರಿಯರ್‌ನಲ್ಲಿ ತರಿಸಿದ ಒಂದು ಡಬ್ಬಿ ಇತ್ತು. ಗಾಜಿನ ಕೊಳವೆಗೆ ನೀರು ಹಾಕಿ, ಔಷಧಿ ತೊಟ್ಟು ಬಿಟ್ಟರೆ ಬಣ್ಣ ಬರುತ್ತದೆ. ಹಸಿರು ಬಂದರೆ ಅಮೋನಿಯಾ ಇದೆ ಅಂತ, ಹಳದಿ ಬಂದರೆ ಇಲ್ಲ ಅಂತ. ಮೂರು ವಾರ ಬರೀ ಕಡುಹಸಿರು. ನಾಲ್ಕನೇ ವಾರದ ಒಂದು ಮಟಮಟ ಮಧ್ಯಾಹ್ನ ಕೊಳವೆ ಅಲ್ಲಾಡಿಸುತ್ತೇನೆ, ತಿಳಿ ಹಳದಿ! ನಿನ್ನೆ ಹುಯ್ದದ್ದು ಇವತ್ತಿಲ್ಲ. ಯಾರೋ ತಿಂದಿದ್ದಾರೆ. ನನ್ನ ತೋಳಿನ ಕೂದಲು ನಿಮಿರಿತು. ಖುಷಿ ತಡೆಯಲಾಗದೆ ಬಾಗಿಲಿಗೆ ಓಡಿ ಕೂಗಿದೆ: "ಬಂದವ್ರೇ! ಊಟ ಮಾಡವ್ರೇ!"

ಎದುರು ಮನೆಯ ಬಾಗಿಲು ಧಡಾರನೆ ಮುಚ್ಚಿತು. ಆಮೇಲೆ ಎರಡು ವಾರ ನಮ್ಮ ಮನೆಗೆ ಸಕ್ಕರೆ, ಕಾಫಿಪುಡಿ, ಹುಣಸೆಹಣ್ಣು ಅಂತ ಒಬ್ಬರೂ ಕೈ ಚಾಚಿಕೊಂಡು ಬರಲಿಲ್ಲ. ಅಂಥ ನೆಮ್ಮದಿಯನ್ನು ಮದುವೆಯಾದ ಮೇಲೆ ಕಂಡಿದ್ದು ಅದೇ ಮೊದಲು ಅನ್ನುತ್ತಾಳೆ ನನ್ನ ಹೆಂಡತಿ.

೩. ಬುಸುಗುಟ್ಟಿದ ಕಲ್ಲು

ಇನ್ನೊಂದು ತೊಂದರೆ ಶುರುವಾಯಿತು. ನೀರಿನ ಪಿಎಚ್ ಏರುತ್ತಾ ಹೋಯಿತು. ಪಿಎಚ್ ಅಂದರೆ ನೀರು ಹುಳಿಯ ಕಡೆಗಿದೆಯೋ ಸುಣ್ಣದ ಕಡೆಗಿದೆಯೋ ಅನ್ನುವ ಅಳತೆ. ನಮ್ಮದು ದಿನಾ ಸುಣ್ಣದ ಕಡೆಗೆ ಓಡುತ್ತಿತ್ತು. ಹಾಗೇ ಬಿಟ್ಟರೆ ಇರುವ ಅಮೋನಿಯಾದ ವಿಷವೇ ಹೆಚ್ಚುತ್ತದೆ, ಮೀನು ಬಿಟ್ಟ ದಿನವೇ ತೇಲುತ್ತವೆ, ಗುಂಡಿಗೆ ಮಣ್ಣು ಬೀಳುತ್ತದೆ.

ಅನುಮಾನ ಬಂದದ್ದು ಜಲ್ಲಿಯ ಮೇಲೆ. ಅದನ್ನು ಬಾಮೈದ ಲೊಕ್ಕನಹಳ್ಳಿಯ ಹಳ್ಳದಿಂದ ಮೂರು ಮೂಟೆ ತಂದಿದ್ದ. ಕಲ್ಲಿನ ಮೇಲೆ ಹುಳಿ ಬಿಟ್ಟು ನೋಡಿ, ಗುಳ್ಳೆ ಎದ್ದರೆ ಅದು ಸುಣ್ಣಕಲ್ಲು ಅಂತ ಫೋನಿನ ವಿಡಿಯೋದಲ್ಲಿ ಯಾರೋ ಹೇಳುತ್ತಿದ್ದರು. ಮನೆಯಲ್ಲಿದ್ದ ಹುಳಿ ನಿಂಬೆಹಣ್ಣು. ಕೋಣೆಯಲ್ಲಿ ಬೆಳಕು ಸಾಲದು ಅಂತ ತಲೆಬಾಗಿಲಿಗೆ ಬಂದು ಹೊಸ್ತಿಲಾಚೆ ಏಳೆಂಟು ಕಲ್ಲು ಸಾಲಾಗಿ ಇಟ್ಟೆ. ನಿಂಬೆಹಣ್ಣು ಕುಯ್ದು ಹೋಳನ್ನು ಒಂದೊಂದರ ಮೇಲೆ ಹಿಂಡಿದೆ. ಯಾವ ಕಲ್ಲು ಏನಾಯಿತು ಅಂತ ಮರೆಯಬಾರದಲ್ಲ, ಅದಕ್ಕೆ ಬಾಯಲ್ಲೇ ಎಣಿಸುತ್ತಿದ್ದೆ. ಅವತ್ತು ಅಮಾವಾಸ್ಯೆ. ಸತ್ಯವಾಗಿ ನನಗೆ ನೆನಪಿರಲಿಲ್ಲ.

ಮೂರನೇ ಕಲ್ಲು 'ಸುಸ್ಸ್' ಅಂತು. ಬಗ್ಗಿ ಕಿವಿ ಕೊಟ್ಟೆ. ಕಲ್ಲು ಉಸಿರು ಬಿಡುತ್ತಿದೆ! ಬಿಳಿ ನೊರೆ ಬೇರೆ. ಕಾರಣ ಗೊತ್ತಿದ್ದೂ ನನ್ನ ಬೆನ್ನು ತಣ್ಣಗಾಯಿತು. ತಲೆಯೆತ್ತಿದರೆ ಬೀದಿಯಲ್ಲಿ ಬಾಮೈದ, ಕೈಯಲ್ಲಿ ಹಲಸಿನ ಹಣ್ಣು. ತನ್ನ ಊರಿನ ಕಲ್ಲನ್ನು ಅವನು ಗುರುತು ಹಿಡಿದಿದ್ದ. ಕುಯ್ದ ನಿಂಬೆಹಣ್ಣು ನೋಡಿದ. ನನ್ನ ತುಟಿ ಆಡುತ್ತಿದ್ದದ್ದನ್ನೂ ನೋಡಿದ.

"ಉಘೇ ಮಾದಪ್ಪ!" ಅಂದವನೇ ಹಲಸಿನ ಹಣ್ಣು ಕೆಳಗಿಟ್ಟ. "ಭಾವ, ನಮ್ಮ ಅಕ್ಕನ್ನ ಕೊಟ್ಟಿವ್ನಿ. ನನ್ ಮೇಲೆ ಯಾಕ್ ಭಾವ ಇದೆಲ್ಲ?"

"ಲೇ, ಪಿಎಚ್ ನೋಡ್ತಿದ್ದೀನಿ ಕಣ್ಲಾ."

"ಯಾರಾದ್ರೂ ಆಗ್ಲಿ ಭಾವ, ನನ್ ಎಸ್ರು ಏಳ್ಬೇಡಿ ಅವ್ರಿಗೆ" ಅಂತ ಬಂದ ದಾರಿಯಲ್ಲೇ ಬಸ್‌ಸ್ಟ್ಯಾಂಡಿಗೆ ಹೋದ. ಮೂರು ಮೂಟೆಯನ್ನೂ ಎತ್ತಿ ಹಾಕಿ, ಮನೆ ಕಟ್ಟುವವರ ಹತ್ತಿರ ಕರಿಜಲ್ಲಿ ತಂದು ತುಂಬಿದೆ. ಕಾಣದವರು ಹೊಸ ಕಲ್ಲಿಗೆ ಬಂದು ಕೂರಲು ಮತ್ತೆ ಮೊದಲಿನಿಂದ ಕಾಯಬೇಕಾಯಿತು. ಹಲಸಿನ ಹಣ್ಣು ಚೆನ್ನಾಗಿತ್ತು.

೪. ಬಾಯಾರಿಕೆ

ಹಿತ್ತಲ ತೊಟ್ಟಿಯಲ್ಲಿ ಬಗ್ಗಿಸಿದ ಒಂದು ಪೈಪು ಇದೆ, ಸೈಫನ್ ಅನ್ನುತ್ತಾರೆ. ನೀರು ಅದರ ಕತ್ತಿನವರೆಗೆ ತುಂಬಿದ ಕೂಡಲೇ ತಾನಾಗಿ ಎಳೆದುಕೊಂಡು ಒಂದೇ ಸಲಕ್ಕೆ ಗುಂಡಿಗೆ ಸುರಿಯುತ್ತದೆ. ಕಾಲು ಗಂಟೆಗೊಂದು ಸಲ. ಸುರಿದು ಮುಗಿಯುವಾಗ ಗಾಳಿ ಹೊಕ್ಕು 'ಗೊಟಕ್... ಗೊಳಗೊಳ... ಹಾಂ' ಅಂತ ಶಬ್ದ ಬರುತ್ತದೆ. ಚೊಂಬೆತ್ತಿ ಗಟಗಟ ಕುಡಿದು ಉಸಿರು ಬಿಟ್ಟ ಹಾಗೆ. ನಮ್ಮಪ್ಪ ಹಾಗೇ ಕುಡಿಯುತ್ತಿದ್ದ. ಮಗ್ಗ ನಿಲ್ಲಿಸಿ, ಚೊಂಬೆತ್ತಿ, ಮುಗಿಸಿ ಒಂದು 'ಹಾಂ'. ನನಗೂ ಹಾಗನ್ನಿಸಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಬಿಸಿಲು ಕಾಲ. ನೀರು ಆರಿ ದಿನಕ್ಕೆ ಒಂದು ಬೆರಳು ಇಳಿಯಬೇಕು. ನಮ್ಮ ಗುಂಡಿಯಲ್ಲಿ ಮಾತ್ರ ಏರುತ್ತಿತ್ತು! ನಾನು ಗುಂಡಿಯ ಒಳಬದಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಮಾರನೇ ದಿನ ಗೆರೆ ಮುಳುಗಿತ್ತು. ಅದರ ಜೊತೆಗೆ ಹಳದಿಗೆ ಬಂದಿದ್ದ ಕೊಳವೆ ಮತ್ತೆ ಹಸಿರಿಗೆ ತಿರುಗಿತು. ಬಂದವರು ಸಾಯುತ್ತಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತು ಕೋಣೆಯೊಳಗಿಂದ ತೆಲುಗು ಕೇಳಿಸಿತು. ನಮ್ಮ ಮನೆಯಲ್ಲಿ ತೆಲುಗಾಡುತ್ತಿದ್ದವರು ಇಬ್ಬರೇ, ಅಪ್ಪ ಅವ್ವ, ಅದೂ ಅವರವರಲ್ಲೇ. ಹೆಂಗಸಿನ ದನಿ ಏನೋ ಕೇಳುತ್ತದೆ, ಸುಮ್ಮನಾಗುತ್ತದೆ, 'ಗೊಳಗೊಳ ಹಾಂ' ಅನ್ನುತ್ತದೆ ಗುಂಡಿ. ಮತ್ತೆ ದನಿ. ನಾನು ಬಾಗಿಲ ಹಿಂದೆ ನಿಂತು ಬೆವೆತುಹೋದೆ. ಇಣುಕಿದರೆ ಅವ್ವ ಚೊಂಬಿನಲ್ಲಿ ನಲ್ಲಿ ನೀರು ತಂದು ಗುಂಡಿಗೆ ಹುಯ್ಯುತ್ತಿದ್ದಾಳೆ. ಒಂದು ಗೊಳಗೊಳಕ್ಕೆ ಒಂದು ಚೊಂಬು.

"ಅವ್ವ, ಏನಿದು?"

"ನಿಮ್ಮಪ್ಪಂಗೆ ಬಾಯಾರ್ಕೆ ಕಣ್ಲಾ. ಕುಡೀತಾನೇ ಅವ್ರೆ ಪಾಪ."

ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ಕಲ್ಲ ಮೇಲಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮೀನಿನ ಕಿವಿರು ಸುಡುತ್ತದೆ ಅಂತ ಬಿಡಿಸಿ ಹೇಳಿದೆ. ಹುಯ್ಯಲೇಬೇಕು ಅಂದರೆ ಡ್ರಮ್ಮಿನಲ್ಲಿ ಎರಡು ದಿನ ಬಾಯಿ ತೆರೆದು ಇಟ್ಟ ನೀರು ಹುಯ್ಯಿ ಅಂದೆ. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು.

"ಬದುಕಿರೋವರ್ಗೂ ನಿನ್ನೆ ನೀರು ಮುಟ್ದೋರಲ್ಲ ಅವ್ರು. ಮೊನ್ನೆ ನೀರು ಕೊಡು ಅಂತೀಯಲ್ಲ, ಮಗಾನಾ ನೀನು?"

೫. ಎಣಿಕೆ

ಅವ್ವ ನಲ್ಲಿ ನೀರು ಹುಯ್ಯುವುದನ್ನು ಬಿಟ್ಟ ಮೇಲೆ ಕೊನೆಗೂ ಕೊಳವೆ ಹಳದಿಗೆ ನಿಂತಿತು. ಮೀನು ತಂದುಕೊಟ್ಟವಳು ಹೂವಿನಮ್ಮ. ಯಳಂದೂರಿನ ಹತ್ತಿರದ ಮಾಂಬಳ್ಳಿಯಿಂದ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ನಮ್ಮ ಬೀದಿಗೆ ಹೂವು ತರುತ್ತಾಳೆ. ಅವಳ ಗಂಡ ಹೊಂಡದಲ್ಲಿ ಮೀನು ಸಾಕುತ್ತಾನೆ. ಬೆರಳುದ್ದದ ಇಪ್ಪತ್ತೊಂದು ಜಿಲೇಬಿ ಮೀನು ಬಿಟ್ಟೆ. ಎಡೆಗೆ ಇನ್ನು ಐದು ವಾರ ಇತ್ತು.

ಬೆಳಿಗ್ಗೆ ಎದ್ದು ಎಣಿಸುವುದು, ಒಂದು ಚಿಟಿಕೆ ಮೇವು ಹಾಕುವುದು, ಕೊಳವೆ ಅಲ್ಲಾಡಿಸುವುದು. ನಾನು ಮತ್ತೆ ಮನುಷ್ಯನಾದೆ. ಮಂಡಿ ನೋವೂ ಮರೆತುಹೋಯಿತು. ಬಾಲದ ಹತ್ತಿರ ಕಪ್ಪು ಚುಕ್ಕೆ ಇದ್ದ ಒಂದು ಮೀನು ನಾನು ಬಂದ ಕೂಡಲೇ ಮೇಲಕ್ಕೆ ಬರುತ್ತಿತ್ತು.

ಎರಡನೇ ವಾರ ಒಂದು ದಿನ ಚುಕ್ಕೆ ಮೀನು ಕಾಣಲಿಲ್ಲ. ಎಣಿಸಿದೆ. ಇಪ್ಪತ್ತೆರಡು.

ಮತ್ತೆ ಎಣಿಸಿದೆ. ಇಪ್ಪತ್ತೆರಡೇ. ಇಲ್ಲದ ಮೀನು ಒಂದು, ಹೆಚ್ಚಿಗೆ ಬಂದ ಮೀನು ಎರಡು! ಹೆಂಡತಿಯನ್ನು ಕರೆದು ಎಣಿಸು ಅಂದೆ. ಅವಳು ನೀರಿನ ಕಡೆ ನೋಡದೆಯೇ "ಇಪ್ಪತ್ತೊಂದು ಅವೆ, ಬನ್ನಿ ಕಾಫಿ ಆರೋಗ್ತದೆ" ಅಂದಳು. ಅವ್ವನನ್ನು ಕೇಳಿದೆ. "ಮೀನ್ನ ಎಣಿಸ್ಬಾರ್ದು ಕಣ್ಲಾ, ದೃಷ್ಟಿ ಆಯ್ತದೆ" ಅಂದಳು. ಮುಂದಿನ ವಾರ ಇಪ್ಪತ್ಮೂರು. ಮುಖಗಳೂ ಬೇರೆ. ನಾನು ಮೇವು ಹಾಕುವುದು ಒಂದೇ ಚಿಟಿಕೆ, ಅಮೋನಿಯಾ ಮಾತ್ರ ಮೇಲೆ ಮೇಲೆ ಹೋಗುತ್ತಿದೆ, ಯಾರೋ ಗುಂಡಿಯಲ್ಲಿ ಹೊಟ್ಟೆ ತುಂಬ ಉಂಡು ಕೂತ ಹಾಗೆ.

ಬಾಮೈದನಿಗೆ ಫೋನ್ ಮಾಡಿದೆ.

"ಮರಿ ಆಕಿರ್ಬೇಕು ಭಾವ."

"ಮರಿ ಹುಟ್ಟುತ್ಲೇ ತಾಯಷ್ಟು ಉದ್ದ ಇರ್ತದೇನ್ಲಾ?"

ಅವನು ಒಂದು ಸಲ ಮಾದಪ್ಪನನ್ನು ನೆನೆದ. ಆಮೇಲೆ ಹೇಳಿದ: "ಭಾವ, ಈ ವರ್ಷದ ಎಡೆಗೆ ನಾ ಬರಕ್ಕಾಗಲ್ಲ. ಅಕ್ಕಂಗೂ ಒಂದ್ ಮಾತು ಏಳ್ಬುಡಿ."

೬. ಗುಂಡಿಯ ಅಂಚಿನಲ್ಲಿ

ಎಡೆಗೆ ಮೂರು ದಿನ ಇದ್ದಾಗ ನಾನು ಹೆದರಿಕೊಂಡಿದ್ದದ್ದೇ ಆಯಿತು. ಬೆಳಿಗ್ಗೆ ಹೋಗಿ ನೋಡುತ್ತೇನೆ, ಒಂದು ಮೀನು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದೆ. ಗುಂಡಿ ಮುಚ್ಚಿದ ಹಾಗೇ, ನಾನು ಮತ್ತೆ ಗೋಡೆ ನೋಡಿಕೊಂಡು ಕೂತ ಹಾಗೇ ಕಂಡಿತು. ಅರವತ್ತು ಹತ್ತಿರ ಬಂದವನು ಅಳಬಾರದು ಅಂತೇನೂ ಇಲ್ಲವಲ್ಲ, ಒಂದು ಗಳಿಗೆ ಅತ್ತೆ. ಆಮೇಲೆ ಬುದ್ಧಿ ಓಡಿತು. ಅವ್ವ ಇನ್ನೂ ನೋಡಿಲ್ಲ. ಮೀನನ್ನು ಪೇಪರಿನಲ್ಲಿ ಸುತ್ತಿ ಹಿತ್ತಲಿಗೆ ಹೋದೆ. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮೆತ್ತಗಿತ್ತು, ಕೈಯಲ್ಲೇ ತೋಡಿದೆ.

ಬೆರಳಿಗೆ ತಣ್ಣಗೆ ಏನೋ ತಾಕಿತು. ಎತ್ತಿ ನೋಡಿದರೆ ಬಾಳೆ ಎಲೆಯಲ್ಲಿ ಸುತ್ತಿದ ಇನ್ನೊಂದು ಮೀನು. ಪಕ್ಕದಲ್ಲಿ ತೋಡಿದೆ. ಹಳೇ ರವಿಕೆ ಬಟ್ಟೆಯಲ್ಲಿ ಗಂಟು ಕಟ್ಟಿದ ಮತ್ತೊಂದು. ನಾನು ಹೂತಿದ್ದಲ್ಲ. ನನ್ನ ಕೈಯಲ್ಲಿರುವ ಮೀನನ್ನು ಇನ್ನೂ ಹೂತೇ ಇಲ್ಲ, ಭೂಮಿ ಆಗಲೇ ಎರಡು ಕೊಟ್ಟಿತು! ಮೂರನ್ನೂ ಒಟ್ಟಿಗೆ ಹಾಕಿ ಮಣ್ಣೆಳೆದು, ನಲ್ಲಿಯಲ್ಲಿ ನಾಲ್ಕು ಸಲ ಕೈ ತೊಳೆದೆ.

ಹೂವಿನಮ್ಮ ಬಂದಾಗ ಬೀದಿ ತಿರುವಿನಲ್ಲೇ ಹಿಡಿದೆ. "ನಾಳೆ ಬರುವಾಗ ಗುಟ್ಟಾಗಿ ಒಂದೇ ಒಂದು ಮೀನು ತಗೊಂಡು ಬಾರಮ್ಮ. ನಮ್ಮವ್ವಂಗೆ, ನಮ್ಮನೆಯವಳಿಗೆ ಹೇಳ್ಬೇಡ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಲ್ಲ ಕಣಣ್ಣ, ನಾ ಯಾರಿಗೂ ಏಳಲ್ಲ. ಏಳೋ ಪೈಕಿನೇ ಅಲ್ಲ ನಾನು" ಅಂದು ಭುಜ ಕುಣಿಸುತ್ತಾ ಹೋದಳು. ಇದರಲ್ಲಿ ನಗುವುದೇನಿದೆ ಅಂತ ನನಗೆ ಸಿಟ್ಟು ಬಂತು.

ಮಾರನೇ ದಿನ ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ಮೀನಿನ ಕವರ್ ಕೊಟ್ಟು ಮಾಯವಾದಳು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಕೋಣೆಯ ಬಾಗಿಲು ಸದ್ದಾಗದಂತೆ ತಳ್ಳಿದೆ.

ಗುಂಡಿಯ ಅಂಚಿನಲ್ಲಿ ಯಾರೋ ಕೂತಿದ್ದರು.

ಮಗ್ಗಕ್ಕೆ ಕೂರುವ ಹಾಗೇ, ಕಾಲು ಗುಂಡಿಯೊಳಗೆ ಇಳಿಬಿಟ್ಟು, ತಲೆಗೆ ಬಿಳಿ ಬಟ್ಟೆ ಹೊದ್ದು, ಬೆನ್ನು ನನ್ನ ಕಡೆಗೆ. ಅದೇ ಜಾಗ. ಅದೇ ಬಾಗಿದ ಬೆನ್ನು. 'ಅಪ್ಪ' ಅನ್ನಬೇಕು ಅಂದುಕೊಂಡೆ, ಗಾಳಿ ಬಂತು, ಮಾತು ಬರಲಿಲ್ಲ. ಹಿಂದೆ ಸರಿದೆ. ಹಿಂದೆ ಯಾರದೋ ತಣ್ಣನೆಯ ಕೈ ತಾಕಿತು.

ಮೂರು ಜನ ಒಟ್ಟಿಗೆ ಕಿರುಚಿದೆವು.

ಲೈಟು ಹಾಕಿದ್ದು ನಾನೇ ಇರಬೇಕು. ಗುಂಡಿಯ ಅಂಚಿನಲ್ಲಿ ಅವ್ವ, ಚಳಿಗೆ ಟವೆಲು ಹೊದ್ದು, ತೊಡೆಯ ಮೇಲೆ ಚೊಂಬು. ನನ್ನ ಬೆನ್ನ ಹಿಂದೆ ಹೆಂಡತಿ, ಕೈಯಲ್ಲಿ ತುಂಬ ನೀರಿರುವ ಟಿಫಿನ್ ಡಬ್ಬಿ. ನನ್ನ ಕೈಯಲ್ಲಿ ಕವರ್. ಚೊಂಬಿನಲ್ಲಿ ಒಂದು ಮೀನು, ಡಬ್ಬಿಯಲ್ಲಿ ಒಂದು ಮೀನು, ಕವರಿನಲ್ಲಿ ಒಂದು ಮೀನು.

ಮೊದಲು ಬಾಯಿಬಿಟ್ಟವಳು ಹೆಂಡತಿ. "ಎಣಿಸ್ದಾಗ ಒಂದು ಕಮ್ಮಿ ಇತ್ತು ಅತ್ತೆ. ನೀವು ನೋಡಿದ್ರೆ ಗುಂಡಿ ಮುಚ್ಚಿಸ್ತೀರ ಅಂತ ಹೂವಿನಮ್ಮಂಗೆ ಹೇಳಿದ್ದೆ."

"ನಾನೂ ಅವಳ್ಗೇ ಹೇಳಿದ್ದು" ಅಂದಳು ಅವ್ವ.

ಹೀಗಾಗಿತ್ತು ಕತೆ. ಸತ್ತದ್ದನ್ನು ಯಾರು ಮೊದಲು ಕಂಡರೋ ಅವರು ಹೂಳುತ್ತಿದ್ದರು. ಒಂದು ಕಮ್ಮಿಯಾದದ್ದು ಕಂಡು ಇನ್ನೊಬ್ಬರೂ ತರಿಸುತ್ತಿದ್ದರು. ಒಂದು ಸತ್ತರೆ ಎರಡು ಬರುತ್ತಿತ್ತು. ಹೊಟ್ಟೆಗಿಲ್ಲದೆ ಸತ್ತಿರಬೇಕು ಅಂತ ಅವ್ವ ನನಗೆ ತಿಳಿಯದ ಹಾಗೆ ಒಂದು ಹಿಡಿ, ಹೆಂಡತಿ ಒಂದು ಹಿಡಿ ಮೇವು ಹಾಕುತ್ತಿದ್ದರು. ಅಮೋನಿಯಾ ಏರದೆ ಏನಾಗುತ್ತದೆ? ಸತ್ತ ಮೀನಿಗೆ ಮರುಗಿ ಇರುವ ಮೀನನ್ನು ಕೊಲ್ಲುತ್ತಿದ್ದೆವು, ಮೂರೂ ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ.

ನನಗೆ ನಗು ಬಂತು. "ಅಲ್ಲ ಅವ್ವ, ಕರಾರು ಹಾಕಿದ್ದು ನೀನು. ನೀನೇ ಯಾಕೆ ಮುಚ್ಚಿಟ್ಟೆ?"

"ನೀನು ಗೋಡೆ ನೋಡ್ಕಂಡು ಕೂತಿದ್ದು ನಾ ಕಂಡಿಲ್ವಾ?" ಅಂದಳು ಅವ್ವ, ಚೊಂಬಿನ ಮೀನನ್ನು ಮೆಲ್ಲಗೆ ನೀರಿಗೆ ಬಿಡುತ್ತಾ. "ಈಗ ಬೆಳಿಗ್ಗೆ ಎದ್ದು ಓಡಾಡ್ತೀಯ, ಬೈತೀಯ, ಉಣ್ತೀಯ. ಅದ್ನ ಹೋಗಿ ಮುಚ್ಚಿಸ್ಲಾ?"

"ಹಂಗಾದ್ರೆ ಒಂದು ಮೀನು ಸತ್ರೂ ಅಪ್ಪಂಗೆ ಇಷ್ಟ ಇಲ್ಲ ಅಂತ ಲೆಕ್ಕ ಅಂದಿದ್ಯಲ್ಲ? ಈಗ ನೋಡು, ಮೂರು ಸತ್ತವೆ!" ಅಂತ ನಾನು ದನಿಯೆತ್ತಿದೆ.

ಅವ್ವ ಗಾಬರಿಯಿಂದ ಹಸಿ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು.

"ಮೆತ್ತಗೆ ಮಾತಾಡ್ಲಾ! ಮೀನು ಸತ್ತಿರೋ ವಿಷ್ಯ ನಿಮ್ಮಪ್ಪಂಗೆ ಇನ್ನೂ ಗೊತ್ತಿಲ್ಲ."